ಬಿದ್ದ ಮೇಲೆ ಕೈ ಸಡಿಲವಾಗುತ್ತಿಲ್ಲ

ಪ್ರಶ್ನೆ: ನನಗೆ 41 ವರ್ಷ. ವಾರಕ್ಕೆ ಎರಡು ದಿನ ಕುದುರೆ ಸವಾರಿ ಕಲಿಯುತ್ತಿದ್ದೆ. ನಾಲ್ಕು ತಿಂಗಳ ಹಿಂದೆ ಕ್ಯಾಂಟರ್‌ನಲ್ಲಿ (ಜೋರು ಓಟ) ಕುದುರೆ ಬೆದರಿ ಪಕ್ಕಕ್ಕೆ ಹಾರಿದಾಗ ಬಿದ್ದೆ. ಪೆಟ್ಟು ವಾಸಿಯಾಗಿದೆ, ಭಯ ಹೋಗಿಲ್ಲ. ಟ್ರಾಟ್ (ನಡಿಗೆಗಿಂತ ಚುರುಕಾದ ಕುಲುಕು ಓಟ) ಶುರುವಾದ ಕೂಡಲೇ ಮುಂದಕ್ಕೆ ಬಾಗುತ್ತೇನೆ, ಮುಷ್ಟಿ ಬಿಗಿಯುತ್ತದೆ, ಕುದುರೆ ತಲೆ ಎತ್ತಿಕೊಂಡು ಓಡುತ್ತದೆ. ‘ಕೈ ಸಡಿಲ ಬಿಡಿ’ ಅನ್ನುತ್ತಾರೆ ಕಲಿಸುವವರು. ಬಿಟ್ಟರೆ ಭಯ ಇನ್ನೂ ಜಾಸ್ತಿ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಕೈಯ ಗೊಡವೆ ಬಿಡಿ. ಕೂತ ಭಂಗಿ ಕೆಟ್ಟಿದ್ದರಿಂದ ಕೈ ಬಿಗಿಯಾಗಿದೆ, ಸರಿಮಾಡಬೇಕಾದ್ದು ಅಲ್ಲಿಂದ. ದಸರಾ ಮೆರವಣಿಗೆಯಲ್ಲಿ ಅಶ್ವದಳದವರು ಒಂದು ಕೈಯಲ್ಲಿ ಬಾವುಟದ ಈಟಿ, ಇನ್ನೊಂದರಲ್ಲಿ ಲಗಾಮು ಹಿಡಿದು ಸಾಗುವುದನ್ನು ನೋಡಿರುತ್ತೀರಿ. ಅವರನ್ನು ಜೀನಿನ ಮೇಲೆ ಉಳಿಸಿರುವುದು ಲಗಾಮಲ್ಲ.

ಹೆದರಿದ ಮೈ ಮುದುಡುತ್ತದೆ: ಭುಜ ಮುಂದಕ್ಕೆ, ಮಂಡಿ ಮೇಲಕ್ಕೆ. ಮಂಡಿಯಿಂದ ಜೀನನ್ನು ಅದುಮಿ ಹಿಡಿದರೆ ಅದೇ ತಿರುಗುಗೂಟವಾಗುತ್ತದೆ; ಮೀನಖಂಡ ಹಿಂದಕ್ಕೆ ಜಾರಿ, ಹಿಮ್ಮಡಿ ಎದ್ದು, ಎದೆ ಮುಂದಕ್ಕೆ ವಾಲುತ್ತದೆ. ಜಾರಿದ ಹಿಮ್ಮಡಿ ಪಕ್ಕೆಗೆ ತಗುಲಿದರೆ ಕುದುರೆಗೆ ‘ಹೋಗು’ ಎಂದರ್ಥ. ಅದೇ ಹೊತ್ತಿಗೆ ಬಾಯೊಳಗಿನ ಕಡಿವಾಣ ‘ನಿಲ್ಲು’ ಅನ್ನುತ್ತದೆ. ಪಾಪ, ಅದು ಯಾವ ಮಾತು ಕೇಳಬೇಕು? ತಲೆ ಎತ್ತಿ, ಬೆನ್ನು ತಗ್ಗಿಸಿ ಓಡುತ್ತದೆ.

ಮೊದಲು ರಿಕಾಪಿನ (ಪಾದ ಇಡುವ ಬಳೆ) ಉದ್ದ ನೋಡಿ. ನೆಲದಲ್ಲಿ ನಿಂತು, ರಿಕಾಪಿನ ಪಟ್ಟಿ ಜೀನಿಗೆ ಸಿಕ್ಕಿಸಿದ ಜಾಗಕ್ಕೆ ಬೆರಳ ತುದಿ ಇಟ್ಟು ಪಟ್ಟಿಯನ್ನು ತೋಳಿನುದ್ದಕ್ಕೆ ಎಳೆದರೆ ರಿಕಾಪು ಕಂಕುಳಿಗೆ ಮುಟ್ಟಬೇಕು. ಇದು ಅಂದಾಜಷ್ಟೆ. ಹತ್ತಿ ಕೂತು ಕಾಲು ಇಳಿಬಿಟ್ಟಾಗ ಅದರ ತಳ ಕಣಕಾಲಿನ ಗಂಟಿನ ಮಟ್ಟಕ್ಕಿರಲಿ. ಭಯ ಇರುವಷ್ಟು ದಿನ ಅಲ್ಲಿಂದ ಒಂದು ತೂತು ಗಿಡ್ಡ ಮಾಡಿಕೊಳ್ಳಬಹುದು. ಉದ್ದವಾದರೆ ಕಾಲ್ಬೆರಳಿನಿಂದ ರಿಕಾಪು ಹುಡುಕುತ್ತಾ ಮಂಡಿ ಬಿಗಿಯುತ್ತೀರಿ. ತೀರಾ ಗಿಡ್ಡವಾದರೆ ಕುರ್ಚಿಯಲ್ಲಿ ಕೂತಂತೆ ಕಾಲು ಮುಂದಕ್ಕೆ ಹೋಗುತ್ತದೆ.

ಆಮೇಲೆ ನಿಂತ ಕುದುರೆಯ ಮೇಲೆ ಕೂತು ಪಕ್ಕದಿಂದ ಫೋನಿನಲ್ಲಿ ಫೋಟೊ ತೆಗೆಸಿ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕಿರಬೇಕು. ಕೆಳಗಿನಿಂದ ಕುದುರೆಯನ್ನು ಸರಿಸಿಬಿಟ್ಟರೂ ನೀವು ಕಾಲ ಮೇಲೇ ನಿಲ್ಲುವಂತಿರಬೇಕು. ಎರಡೂ ಮಂಡಿಗಳನ್ನು ಜೀನಿನಿಂದ ಒಂದಂಗುಲ ಹೊರಕ್ಕೆ ತೆರೆದು, ತಾವಾಗಿ ಒರಗಲು ಬಿಡಿ. ನಾಲ್ಕೈದು ಸಲ ಮಾಡಿದರೆ ಕಾಲಿನ ಭಾರ ಹಿಮ್ಮಡಿಗೆ ಇಳಿಯುವುದು ಗೊತ್ತಾಗುತ್ತದೆ.

ಮುಂದಿನ ಕೆಲಸ ಲಂಜ್ ಹಗ್ಗದಲ್ಲಿ, ಅಂದರೆ ಒಬ್ಬರು ನಡುವೆ ನಿಂತು ಉದ್ದ ಹಗ್ಗ ಹಿಡಿದು ಕುದುರೆಯನ್ನು ತಮ್ಮ ಸುತ್ತ ನಡೆಸುವಾಗ. ಶಾಂತ ಕುದುರೆ, ಲಂಜ್ ಮಾಡಿಸಿ ಅನುಭವವಿರುವವರು, ಸುಮಾರು 20 ಮೀಟರ್ ಅಗಲದ ವೃತ್ತ. ಲಗಾಮನ್ನು ಗಂಟು ಹಾಕಿ ಕುತ್ತಿಗೆಯ ಮೇಲೆ ಬಿಡಿ. ಒಂದು ಹಳೆಯ ರಿಕಾಪು ಪಟ್ಟಿಯನ್ನು ಕುದುರೆಯ ಕುತ್ತಿಗೆಗೆ ಕಟ್ಟಿರಲಿ. ಭಯವಾದಾಗ ಬೆರಳು ಸಿಕ್ಕಿಸಲು ಅದು. ನಿಮ್ಮ ಬಿಗಿತ ಕುದುರೆಯ ಬಾಯಿಗೆ ಹೋಗುವುದಿಲ್ಲ. ವಾಕ್‌ನಲ್ಲಿ ನಾಲ್ಕು ಹೆಜ್ಜೆ ಉಸಿರೆಳೆದು ಆರು ಹೆಜ್ಜೆ ಬಿಡಿ. ಟ್ರಾಟ್ ಎಂಟು ಹತ್ತು ಹೆಜ್ಜೆ ಮಾತ್ರ, ಹೆದರಿಕೆ ಏರುವ ಮುಂಚೆಯೇ ವಾಕ್‌ಗೆ ಬನ್ನಿ. ಸ್ವಲ್ಪ ಪಳಗಿದ ಮೇಲೆ ಎರಡು ಎಣಿಕೆ ಎದ್ದಿದ್ದು ಒಂದು ಎಣಿಕೆ ಕೂರುವ ಅಭ್ಯಾಸ ಮಾಡಿ. ಕಾಲು ನಿಮ್ಮ ಕೆಳಗೇ ಇಲ್ಲದಿದ್ದರೆ ಎದ್ದು ನಿಲ್ಲಲಾಗದು, ತಪ್ಪು ಆ ಕ್ಷಣವೇ ತಿಳಿಯುತ್ತದೆ. ಐದೈದು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ, ಒಟ್ಟು 20 ನಿಮಿಷ ಸಾಕು. ಧೈರ್ಯ ಬರಲಿ ಎಂದು ಈಗಲೇ ರಿಕಾಪು ತೆಗೆಸುವವರಿದ್ದಾರೆ, ನಮಗದು ಒಪ್ಪಿಗೆಯಿಲ್ಲ. ಹೆದರಿದವರು ರಿಕಾಪಿಲ್ಲದೆ ಇನ್ನಷ್ಟು ಅದುಮಿ ಹಿಡಿಯುತ್ತಾರೆ.

ಈಗ ಲಗಾಮು. ‘ಸಡಿಲ’ ಅಂದರೆ ಜೋಲುವುದಲ್ಲ. ಜೋಲುವ ಲಗಾಮು ಹೆಜ್ಜೆಗೊಮ್ಮೆ ಸೆಟೆದು ಬಾಯಿಗೆ ಜಗ್ಗುತ್ತದೆ, ಒಂದೇ ಸಮನೆ ಹಗುರವಾಗಿ ಹಿಡಿದದ್ದಕ್ಕಿಂತ ಅದೇ ಕೆಟ್ಟದ್ದು. ಮೃದುವಾಗಬೇಕಾದ್ದು ಮೊಣಕೈ. ಮೊಣಕೈಯಿಂದ ಕಡಿವಾಣದವರೆಗೆ ಒಂದೇ ಗೆರೆ ಇರಲಿ. ವಾಕ್‌ನಲ್ಲಿ, ಕ್ಯಾಂಟರ್‌ನಲ್ಲಿ ಕುದುರೆ ತಲೆ ಆಡಿಸುತ್ತದೆ, ಮೊಣಕೈ ಅದರೊಂದಿಗೆ ಮುಂದೆ ಹೋಗಿ ಬರಬೇಕು. ಟ್ರಾಟ್‌ನಲ್ಲಿ ತಲೆ ಹೆಚ್ಚುಕಡಿಮೆ ಸ್ಥಿರ, ಹೆಜ್ಜೆಯ ಲಯಕ್ಕೆ ಜೀನಿನಿಂದ ಎದ್ದು ಕೂರುವವರು ನೀವು. ಆದ್ದರಿಂದ ಎದ್ದಾಗ ಮೊಣಕೈ ತೆರೆದು, ಕೂತಾಗ ಮಡಚಿ, ಮುಷ್ಟಿ ಇದ್ದಲ್ಲೇ ಇರಲಿ. ಮೈ ಜೊತೆ ಕೈಯೂ ಮೇಲೆದ್ದರೆ ಪ್ರತಿ ಹೆಜ್ಜೆಗೂ ಜಗ್ಗಿದಂತೆ.

ಇದನ್ನು ನೆಲದ ಮೇಲೇ ಕಲಿಯಬಹುದು. ಗೆಳತಿಯೊಬ್ಬರು ಲಗಾಮಿನ ಕಡಿವಾಣದ ಕಡೆಯ ತುದಿ ಹಿಡಿದು ಕಣ್ಣು ಮುಚ್ಚಿ ಕೈಗಳನ್ನು ಮುಂದೆ ಹಿಂದೆ ಆಡಿಸಲಿ, ನೀವು ಹಿಂಬಾಲಿಸಿ. ಎಲ್ಲಿ ಜಗ್ಗಿತು, ಎಲ್ಲಿ ಖಾಲಿಯಾಯಿತು ಎಂದು ಅವರೇ ಹೇಳುತ್ತಾರೆ.

ಸತತ ಮೂರು ತರಗತಿಗಳಲ್ಲಿ, ಕುತ್ತಿಗೆ ಪಟ್ಟಿ ಮುಟ್ಟದೆ, ಹತ್ತು ಸಲ ವಾಕ್‌ನಿಂದ ಟ್ರಾಟ್‌ಗೆ ಹೋಗಿ ಬಂದ ಮೇಲೆ ಕ್ಯಾಂಟರ್ ಯೋಚಿಸಿ. ಬಿದ್ದಾಗ ತಲೆ ನೆಲಕ್ಕೆ ತಾಗಿದ್ದರೆ ಆ ಹೆಲ್ಮೆಟ್ ಬದಲಿಸಿ, ಹೊರಗೆ ಬಿರುಕು ಕಾಣದಿದ್ದರೂ. ಇಷ್ಟಾದರೂ ಕುದುರೆ ತಲೆ ಎತ್ತುವುದು ನಿಲ್ಲದಿದ್ದರೆ ಹಲ್ಲು, ಬೆನ್ನು, ಜೀನಿನ ಅಳತೆಯನ್ನು ಪಶುವೈದ್ಯರಿಗೆ ತೋರಿಸಲು ಹೇಳಿ.

ಪ್ರಶ್ನೆ: ಬೆರಳು ಮೃದುವಾಗಿಟ್ಟರೆ ಲಗಾಮು ಜಾರಿ ಉದ್ದವಾಗುತ್ತದೆ.
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಹೆಬ್ಬೆರಳು ಕೆಲಸ ಮಾಡುತ್ತಿಲ್ಲ. ಕಡಿವಾಣದಿಂದ ಬಂದ ಲಗಾಮು ಕಿರುಬೆರಳು ಉಂಗುರ ಬೆರಳುಗಳ ನಡುವೆ ಒಳಸೇರಿ, ತೋರುಬೆರಳ ಮೇಲಿಂದ ಹೊರಬರಬೇಕು. ಅಲ್ಲಿ ಹೆಬ್ಬೆರಳಿನಿಂದ ಅದುಮಿ. ಜಾರುವುದನ್ನು ಅದೊಂದೇ ತಡೆಯುತ್ತದೆ, ಉಳಿದ ಬೆರಳು ಮುಚ್ಚಿದ್ದರೆ ಸಾಕು, ಹಿಂಡಬೇಕಿಲ್ಲ. ಅಂಗೈ ನೆಲ ನೋಡುವಂತೆ ಮುಷ್ಟಿ ಮಗುಚಿದರೆ ಮೊಣಕೈ ಹೊರಕ್ಕೆ ಹೋಗಿ ತೋಳೆಲ್ಲ ಸೆಟೆಯುತ್ತದೆ, ಹೆಬ್ಬೆರಳೇ ಮೇಲಿರಲಿ. ಬೆವರಿನ ದಿನಗಳಲ್ಲಿ ಗ್ಲೌಸ್ ಹಾಕಿಕೊಳ್ಳಿ.