ಕಾರಣ ಮೊದಲು, ಕೈ ಆಮೇಲೆ

ಓದುಗರ ಪತ್ರ: ‘ನನ್ನ ಮಗ ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದಾಗ ಪೊಲೀಸರು ತಡೆದರು. ಲೈಸೆನ್ಸ್ ನೋಡಿದ ಮೇಲೆ ಬ್ಯಾಗ್ ಬಿಚ್ಚಿಸಿದರು. ಮೊಬೈಲಿನ ಲಾಕ್ ತೆಗೆಸಿ, ವಾಟ್ಸ್ಆ್ಯಪ್‌ನಲ್ಲಿ “ಗಾಂಜಾ” ಎಂದು ಟೈಪ್ ಮಾಡಿ ಹುಡುಕಿದರು. ಏನೂ ಸಿಗಲಿಲ್ಲ, ಕಳುಹಿಸಿದರು. ಅಮೆರಿಕದಲ್ಲಿರುವ ಮಗಳು, ಅಲ್ಲಾಗಿದ್ದರೆ ಸಂವಿಧಾನವೇ ಅಡ್ಡ ನಿಲ್ಲುತ್ತಿತ್ತು ಎನ್ನುತ್ತಾಳೆ. ನಮ್ಮ ಯಜಮಾನರು, ತಪ್ಪು ಮಾಡದವನಿಗೆ ಹೆದರಿಕೆ ಯಾಕೆ ಎನ್ನುತ್ತಾರೆ. ನಮ್ಮ ಸಂವಿಧಾನದಲ್ಲಿ ಇದಕ್ಕೆ ಏನೂ ಇಲ್ಲವೇ?’
– ನಿವೃತ್ತ ಶಿಕ್ಷಕಿ, ರಾಜಾಜಿನಗರ, ಬೆಂಗಳೂರು (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಏನೂ ಸಿಗಲಿಲ್ಲ, ಕಳುಹಿಸಿದರು’ ಎಂಬ ಸಾಲಿನ ಬಳಿ ಎರಡು ಸಲವೂ ನಿಂತೆ. ಏನೂ ಸಿಗದಿದ್ದರೆ ಏನೂ ಆಗಲಿಲ್ಲ ಎಂದುಕೊಳ್ಳುವುದು ನಮಗೆಲ್ಲ ರೂಢಿಯಾಗಿದೆ. ಆದರೆ ಗೆಳೆಯರು, ಸಹೋದ್ಯೋಗಿಗಳು, ಸ್ವತಃ ನೀವು ನಿಮ್ಮ ಮಗನಿಗೆ ಬರೆದ ಮಾತುಗಳಿದ್ದ ಫೋನನ್ನು ಅಪರಿಚಿತರೊಬ್ಬರು ರಸ್ತೆಯಲ್ಲಿ ನಿಂತು ಜಾಲಾಡಿದ್ದಾರೆ. ಅದಂತೂ ಆಗಿದೆ.

ನಿಮ್ಮ ಮಗಳು ಹೇಳಿದ್ದು 1791ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿಯನ್ನು. ಮೈ, ಮನೆ, ಕಾಗದಪತ್ರ, ವಸ್ತುಗಳನ್ನು ಸಕಾರಣವಿಲ್ಲದೆ ಶೋಧಿಸುವಂತಿಲ್ಲ, ವಾರಂಟ್ ಹೊರಡಿಸುವುದಾದರೆ ಯಾವ ಜಾಗ, ಯಾವ ವಸ್ತು ಎಂದು ಅದರಲ್ಲಿ ಬರೆದಿರಬೇಕು ಎನ್ನುತ್ತದೆ ಅದು. ಕಳ್ಳಸಾಗಣೆಯ ಮಾಲು ಹುಡುಕುವ ನೆಪದಲ್ಲಿ ಬ್ರಿಟಿಷ್ ಸುಂಕದ ಅಧಿಕಾರಿಗಳು ಒಂದೇ ಆಜ್ಞಾಪತ್ರ ಹಿಡಿದು ಯಾರ ಮನೆಗೆ ಬೇಕಾದರೂ ನುಗ್ಗುತ್ತಿದ್ದ ಕಾಲದ ನೋವು ಅದರ ಹಿಂದಿದೆ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬಂಧಿತನ ಮೊಬೈಲನ್ನೂ ಸಾಮಾನ್ಯವಾಗಿ ವಾರಂಟ್ ಇಲ್ಲದೆ ನೋಡುವಂತಿಲ್ಲ ಎಂದು ಒಮ್ಮತದಿಂದ ಹೇಳಿತು. ಗಡಿಯಲ್ಲಿ, ವಿಮಾನ ನಿಲ್ದಾಣದಲ್ಲಿ ಈ ರಕ್ಷಣೆ ಅಲ್ಲಿಯೂ ತೆಳುವಾಗುತ್ತದೆ ಎಂಬುದು ಮಗಳಿಗೂ ಗೊತ್ತಿರಲಿ.

ನಮ್ಮ ಸಂವಿಧಾನದಲ್ಲಿ ಅಂತಹ ವಿಧಿ ಇಲ್ಲ. ಇಲ್ಲದೆ ಹೋದದ್ದು ಮರೆವಿನಿಂದಲ್ಲ. ಅಂಬೇಡ್ಕರ್ 1947ರಲ್ಲಿ ಸಿದ್ಧಪಡಿಸಿದ ಕರಡಿನಲ್ಲಿ ಅದು ಇತ್ತು. ಸಂವಿಧಾನ ಸಲಹೆಗಾರರಾಗಿದ್ದ, ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾವ್ ಅವರು ತನಿಖೆಗೆ ತೊಡಕಾದೀತು ಎಂದು ಹಿಂಜರಿದರು. 1948ರ ಡಿಸೆಂಬರಿನಲ್ಲಿ ಸದಸ್ಯ ಕಾಜಿ ಸೈಯದ್ ಕರೀಮುದ್ದೀನ್ ಅದನ್ನು ತಿದ್ದುಪಡಿಯಾಗಿ ಸಂವಿಧಾನ ರಚನಾ ಸಭೆಯ ಮುಂದಿಟ್ಟರು. ಈ ನಿಯಮ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆಗಲೇ ಇದೆ, ಆದರೂ ಶಾಸಕಾಂಗದ ಕೈಗೆ ಸಿಗದಂತೆ ಸಂವಿಧಾನದಲ್ಲಿ ಇಡುವುದು ಒಳ್ಳೆಯದು ಎಂಬ ಅಭಿಪ್ರಾಯ ಅಂಬೇಡ್ಕರ್ ಅವರದಾಗಿತ್ತು. ಕೊನೆಗೂ ಅದು ಅಂಗೀಕಾರವಾಗಲಿಲ್ಲ. ಆ ದಿನ ನಾವು ಕಳೆದುಕೊಂಡದ್ದು ದೊಡ್ಡದು ಎಂದೇ ನಾನು ನಂಬಿದ್ದೇನೆ. ಏಕೆಂದರೆ 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ ಅದೇ ಗೈರನ್ನು ತೋರಿಸಿ, ಸಂವಿಧಾನ ಕರ್ತರು ಕೊಡದ ಹಕ್ಕನ್ನು ನಾವು ಎಲ್ಲಿಂದ ತರೋಣ ಎಂಬರ್ಥದ ತೀರ್ಪು ಕೊಟ್ಟಿತು.

ಆ ಗೋಡೆ ಒಡೆಯಲು ಅರವತ್ತಮೂರು ವರ್ಷ ಬೇಕಾಯಿತು. ಒಡೆದ ಪ್ರಕರಣಕ್ಕೆ ನಮ್ಮೂರಿನ ಹಿರಿಯರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು, ಖಾಸಗಿತನ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನೊಳಗೇ ಇದೆ ಎಂದರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಒಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಹಾಕುವ ಕೈ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಇನ್ನು ನಿಮ್ಮ ಮಗನ ವಿಷಯ. ಲೈಸೆನ್ಸ್ ಕೇಳುವುದು, ಕುಡಿದು ಗಾಡಿ ಓಡಿಸುತ್ತಿದ್ದಾರೆಯೇ ಎಂದು ಪರೀಕ್ಷಿಸುವುದು ಪೊಲೀಸರ ಅಧಿಕಾರ. ಅದರಲ್ಲಿ ತಕರಾರಿಲ್ಲ. ಬ್ಯಾಗಿನ ವಿಷಯ ಸ್ವಲ್ಪ ಜಟಿಲ. ಮಾದಕ ವಸ್ತುಗಳ ಕಾನೂನಿನ (ಎನ್‌ಡಿಪಿಎಸ್) ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಮಾದಕ ವಸ್ತು ಇದೆ ಎಂದು ನಂಬಲು ಕಾರಣವಿದ್ದರೆ ಅಧಿಕಾರವುಳ್ಳ ಅಧಿಕಾರಿ ಶೋಧಿಸಬಹುದು. ‘ನಂಬಲು ಕಾರಣ’ ಎಂಬ ಎರಡು ಪದಗಳನ್ನು ದಯವಿಟ್ಟು ಗಮನಿಸಿ. ತಡರಾತ್ರಿ, ವಯಸ್ಸು ಇಪ್ಪತ್ತೈದು, ಬೆನ್ನಿಗೆ ಬ್ಯಾಗ್: ಇವು ಕಾರಣಗಳಲ್ಲ. ಮೈ ತಪಾಸಣೆಯಾದರೆ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಆಗಲಿ ಎಂದು ಕೇಳುವ ಹಕ್ಕನ್ನು ಅದೇ ಕಾನೂನು ಕೊಡುತ್ತದೆ. ಆ ಹಕ್ಕಿದೆ ಎಂಬುದನ್ನು ಪೊಲೀಸರೇ ತಿಳಿಸಬೇಕೆಂದು 1999ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಕೈಯಲ್ಲಿರುವ ಬ್ಯಾಗಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ.

ಮೊಬೈಲಿನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. 2021ರಲ್ಲಿ ನಮ್ಮದೇ ಹೈಕೋರ್ಟ್, ತನಿಖೆ ನಡೆಯುತ್ತಿರುವ ಪ್ರಕರಣದಲ್ಲೂ ಫೋನ್ ಶೋಧಕ್ಕೆ ನ್ಯಾಯಾಲಯದ ವಾರಂಟ್ ಬೇಕು, ತುರ್ತಿದ್ದರೆ ಕಾರಣಗಳನ್ನು ಬರೆದಿಡಬೇಕು ಎಂದಿದೆ. ನಿಮ್ಮ ಮಗನ ಮೇಲೆ ಪ್ರಕರಣವೇ ಇರಲಿಲ್ಲ. ನಡುರಸ್ತೆಯಲ್ಲಿ ಲಾಕ್ ತೆಗೆಸಿದ್ದು ತಪ್ಪು.

ಮನೆಯ ಶೋಧಕ್ಕೂ ಇದೇ ತತ್ವ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ವಾರಂಟ್ ಇಲ್ಲದೆ ಹೋಗುವ ತನಿಖಾಧಿಕಾರಿ ಏಕೆ, ಏನನ್ನು ಹುಡುಕಲು ಹೋಗುತ್ತಿದ್ದೇನೆ ಎಂದು ಮೊದಲೇ ಬರೆದಿಡಬೇಕು. ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಶೋಧವನ್ನು ವಿಡಿಯೊ ಮಾಡಬೇಕು. ನೆರೆಹೊರೆಯ ಇಬ್ಬರು ಗೌರವಸ್ಥರು ಪಂಚರಾಗಿ, ಅಂದರೆ ಶೋಧಕ್ಕೆ ಸಾಕ್ಷಿಗಳಾಗಿ, ಇರಬೇಕು, ಮಹಜರಿನ ಜೊತೆ ಜಪ್ತಿ ಪಟ್ಟಿಯಾಗಿ ಅದರ ಪ್ರತಿ ಮನೆಯವರ ಕೈ ಸೇರಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಇಷ್ಟಕ್ಕೂ ತಿರುಳು ಒಂದೇ. ಸಿಕ್ಕಿದ ಮೇಲೆ ಹೊಸೆಯುವ ಕಾರಣ ಕಾರಣವಲ್ಲ.

ಕಿರಿಯ ವರದಿಗಾರನಾಗಿ ನೃಪತುಂಗ ರಸ್ತೆಯ ನ್ಯಾಯಾಲಯಗಳಲ್ಲಿ ದಿನಗಟ್ಟಲೆ ಕುಳಿತಿದ್ದೆ. ಒಬ್ಬ ಪಂಚ ಸಾಕ್ಷಿಯನ್ನು ವಕೀಲರು, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಠಾಣೆಯ ಎದುರು ಟೀ ಅಂಗಡಿ ಎಂದರು. ಇಂತಹ ಎಷ್ಟು ಮಹಜರಿಗೆ ಸಹಿ ಹಾಕಿದ್ದೀರಿ ಎಂದಾಗ ಆ ಮನುಷ್ಯ ಲೆಕ್ಕ ಹಾಕಲು ಬೆರಳು ಮಡಚತೊಡಗಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕರೆದಾಗ ಹೋಗದಿದ್ದರೆ ಅಂಗಡಿ ಉಳಿಯುತ್ತದೆಯೇ? ಕಾನೂನು ಕಾವಲಿಗೆ ನಿಲ್ಲಿಸಿದ ಸಾಕ್ಷಿ ಹೀಗೆ ಬರಿಯ ಸಹಿಯಾಗಿ ಹೋದದ್ದು ಮಾತ್ರ ಇಂದಿಗೂ ಚುಚ್ಚುತ್ತದೆ.

ಇದು ಹೀಗೇ ಮುಂದುವರಿಯಲು ದೊಡ್ಡ ಕಾರಣ 1973ರ ಒಂದು ತೀರ್ಪು. ಶೋಧ ಅಕ್ರಮವಾಗಿದ್ದರೂ ಸಿಕ್ಕ ಸಾಕ್ಷ್ಯ ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ನ್ಯಾಯಾಲಯ ಅದನ್ನು ಒಪ್ಪಬಹುದು ಎಂದಿತು ಸುಪ್ರೀಂ ಕೋರ್ಟ್. ಅಂದರೆ ನಿಯಮ ಮುರಿದವರಿಗೆ ನಷ್ಟವೇ ಇಲ್ಲ. 2017ರ ತೀರ್ಪಿನ ಬೆಳಕಿನಲ್ಲಿ ಇದನ್ನು ದೊಡ್ಡ ಪೀಠವೊಂದು ಮತ್ತೆ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಯಜಮಾನರಿಗೆ ಉತ್ತರ ಕೊಡಲು ನನಗಿಂತ ನೀವೇ ಸಮರ್ಥರು. ತರಗತಿಯಲ್ಲಿ ಯಾರದೋ ಪೆನ್ನು ಕಳೆದಾಗ ಎಷ್ಟೋ ಕಡೆ ಮೊದಲು ತೆರೆಸುತ್ತಿದ್ದುದು ಬಡವರ ಮಗುವಿನ ಚೀಲವನ್ನೇ. ಪೆನ್ನು ಸಿಗದಿದ್ದರೂ ಆ ಮಗು ಮರುದಿನ ತಲೆ ತಗ್ಗಿಸಿಯೇ ಬರುತ್ತಿತ್ತು. ರಸ್ತೆಯಲ್ಲೂ ಯಾರನ್ನು ತಡೆಯಬೇಕೆಂಬುದು ಬಟ್ಟೆ, ಗಾಡಿ, ಮಾತಿನ ಧಾಟಿ ನೋಡಿ ತೀರ್ಮಾನವಾಗುವ ಅಪಾಯ ಸದಾ ಇದೆ. ಹೆದರಿಕೆ ಇರುವುದು ತಪ್ಪು ಮಾಡಿದ್ದರಿಂದಲ್ಲ, ಆರಿಸಲ್ಪಟ್ಟದ್ದರಿಂದ.

ಮುಂದೆ ಹೀಗಾದರೆ ನಿಮ್ಮ ಮಗ ದನಿ ಏರಿಸದೆ, ‘ಯಾವ ಕಾರಣಕ್ಕೆ ನೋಡುತ್ತಿದ್ದೀರಿ ಸಾರ್, ಬರೆದು ಕೊಡುತ್ತೀರಾ?’ ಎಂದು ಕೇಳಲಿ. ಫೋನ್ ಕಿತ್ತುಕೊಂಡರೆ ಎಳೆದಾಡುವುದು ಬೇಡ. ಈ ಸಲದ್ದಕ್ಕೆ ದೂರು ಕೊಡುವ ಮನಸ್ಸಿದ್ದರೆ ಹಿರಿಯ ಅಧಿಕಾರಿಗಳಿಗೆ, ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಅಥವಾ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದು. ಆ ರಾತ್ರಿಯ ದಿನಾಂಕ, ಗಂಟೆ, ಜಾಗ, ಸಮವಸ್ತ್ರದ ಮೇಲೆ ಕಂಡ ಹೆಸರು ನೆನಪಿನಲ್ಲಿರುವಾಗಲೇ ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಲು ಹೇಳಿ.

– ಸಂಪಾದಕ