ಕೂಲಿಗೆ ಕಾಯುವವರಿಗೆ ಪಾಲಿಕೆಯೇ ಜಾಗ ಮಾಡಿಕೊಟ್ಟರೆ ಉಪಯೋಗ ಆಗುತ್ತಾ?

ಶಿವಮೊಗ್ಗದ ಸರ್ಕಲ್‌ಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಕಾಯುವವರಿಗೆ ಮಹಾನಗರ ಪಾಲಿಕೆ ಒಂದು ಜಾಗ ಕಟ್ಟಿಸಿಕೊಟ್ಟರೆ ಪ್ರಯೋಜನ ಇದೆಯಾ, ಇಲ್ಲಾ ಅದೂ ಖಾಲಿ ಬೀಳುತ್ತಾ ಎಂದು ಕೇಳಿದ್ದೀರಿ. ನಾನು ಗಾರೆ ಮೇಸ್ತ್ರಿ. ಮೊದಲು ನಾನೂ ಹಾಗೆ ನಿಂತು ಕಾದವನು, ಈಗ ಅಲ್ಲಿಂದಲೇ ಆಳು ಕರೆದುಕೊಂಡು ಹೋಗುತ್ತೇನೆ. ಪ್ರಯೋಜನ ಖಂಡಿತ ಇದೆ. ಆದರೆ ಅಲ್ಲಿ ಹಾಜರಿ ಪುಸ್ತಕ ಇಟ್ಟು ದಿನಾ ಬರೆಯುವ ಒಬ್ಬರು ಇರಬೇಕು.

ಸರ್ಕಾರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೌಲಭ್ಯಕ್ಕೆ ಬೇಕಾದ ಕಾರ್ಡ್ ಆಗಬೇಕಾದರೆ ವಯಸ್ಸು 18ರಿಂದ 60ರ ಒಳಗಿರಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಡಬೇಕು. ಒಬ್ಬನೇ ಕಂಟ್ರಾಕ್ಟರ್ ಹತ್ತಿರ ಇರುವವರಿಗೆ ಇದು ಸುಲಭ. ಸರ್ಕಲ್‌ನಲ್ಲಿ ನಿಲ್ಲುವವರು ಇವತ್ತು ಗೋಪಾಳದಲ್ಲಿ ಪಾಯ ತೋಡುತ್ತಾರೆ, ನಾಳೆ ವಿನೋಬನಗರದಲ್ಲಿ ಇಟ್ಟಿಗೆ ಹೊರುತ್ತಾರೆ, ನಾಡಿದ್ದು ಕೆಲಸವೇ ಇರುವುದಿಲ್ಲ. ಅವರು ಯಾರ ಸಹಿ ಹಾಕಿಸಬೇಕು? ಹಾಜರಿ ಪುಸ್ತಕ ಬೇಕು ಅನ್ನುವುದು ಇದಕ್ಕೇ. ಬೋಗಸ್ ಕಾರ್ಡ್ ರದ್ದಾದ ಸುದ್ದಿ ಆಗಾಗ ಓದುತ್ತೇವೆ. ನಿಜವಾಗಿ ಸಿಮೆಂಟ್ ಹೊತ್ತ ಹೆಣ್ಣಾಳಿನ ಹತ್ತಿರ ಕಾರ್ಡೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಕೂಲಿ ಮುಳುಗಿಸುವವರಿಗೂ ಆ ಪುಸ್ತಕದಿಂದ ಸ್ವಲ್ಪ ಭಯ ಬರುತ್ತದೆ. ನನ್ನ ಜೊತೆ ಇದ್ದ ಒಬ್ಬರನ್ನು ಒಬ್ಬ ಮಾಲೀಕ ವಾರಪೂರ್ತಿ ದುಡಿಸಿಕೊಂಡು, ಕೊನೆಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಮನೆ ಗೊತ್ತಿಲ್ಲ, ಹೆಸರೂ ಪೂರ್ತಿ ಗೊತ್ತಿಲ್ಲ. ಕರೆದುಕೊಂಡು ಹೋಗುವವರ ಹೆಸರು, ಮೊಬೈಲ್ ನಂಬರ್, ಗಾಡಿ ನಂಬರ್, ಒಪ್ಪಿಕೊಂಡ ಕೂಲಿ ಇಷ್ಟು ಬರೆದಿಟ್ಟರೂ ದೂರು ಕೊಡಲು ಒಂದು ದಾರಿ ಇರುತ್ತಿತ್ತು.

ಜಾಗ ಮಾತ್ರ ಈಗ ನಿಲ್ಲುವ ಕಡೆಯೇ, ಇಲ್ಲಾ ಕೂಗಳತೆ ದೂರದಲ್ಲಿ ಇರಲಿ. ಊರಾಚೆ ಕಟ್ಟಿದರೆ ಯಾರೂ ಹೋಗುವುದಿಲ್ಲ, ಯಾಕೆಂದರೆ ಗಾಡಿಗಳು ಬರುವುದು ಸರ್ಕಲ್‌ಗೆ. ಮಲೆನಾಡಿನ ಮಳೆಗಾಲ ನಿಮಗೇ ಗೊತ್ತಲ್ವಾ? ಜೂನ್‌ನಿಂದ ಅಂಗಡಿ ಮಾಡಿನ ಕೆಳಗೆ ನಿಲ್ಲುತ್ತಾರೆ, ಬಾಗಿಲು ತೆಗೆಯುವ ಹೊತ್ತಿಗೆ ಅಂಗಡಿಯವರು ಎಬ್ಬಿಸುತ್ತಾರೆ. ಮೇಲೊಂದು ಶೀಟು, ಕುಡಿಯುವ ನೀರು ಬೇಕು. ಹೆಂಗಸರಿಗೆ ಶೌಚಾಲಯ ಬೇಕೇ ಬೇಕು. ಎಷ್ಟೋ ಜನ ಅದಕ್ಕೇ ಬೆಳಿಗ್ಗೆ ನೀರು ಕುಡಿಯದೆ ಬರುತ್ತಾರೆ.

ದುಡ್ಡಿನ ಮೂಲ ಕೇಳಿದರೆ, ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಹೆಸರಿನಲ್ಲೇ ವಸೂಲಾಗುತ್ತದೆ. ಇದು 1996ರ ಕಾನೂನಿನಿಂದ ಶುರುವಾದದ್ದು. ಅದರಲ್ಲಿ ಒಂದು ಪಾಲು ಇಲ್ಲಿಗೆ ಬರಲಿ ಎಂದು ಕೇಳುವುದು ನ್ಯಾಯವೇ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1980ರ ದಶಕದ ಕೊನೆಯಲ್ಲೇ ನಗರಾಡಳಿತ ಇಂಥ ಜಾಗ ತೆರೆದಿತ್ತು. ಅಲ್ಲಿನ ಇಂಥ ಎಷ್ಟೋ ಕೇಂದ್ರಗಳಲ್ಲಿ ಬಂದವರ ಹೆಸರು ಬರೆದುಕೊಂಡು, ಪಾಳಿ ಅಥವಾ ಚೀಟಿ ಎತ್ತಿ ಕೆಲಸ ಹಂಚುತ್ತಾರೆ. ಇಂತಿಷ್ಟಕ್ಕಿಂತ ಕಡಿಮೆ ಕೂಲಿಗೆ ಕಳಿಸುವುದಿಲ್ಲ. ತೊಡಕು ಬರುವುದೂ ಇದರಿಂದಲೇ. ಒಳಗೆ ಒಂದು ದರ ಇದ್ದಾಗ, ಹೊರಗೆ ರಸ್ತೆ ಬದಿ ನಿಂತವರು ಕಡಿಮೆಗೆ ಒಪ್ಪಿದರೆ ಗಾಡಿ ಅವರ ಹತ್ತಿರ ನಿಲ್ಲುತ್ತದೆ. ಹಾಗಾಗಿ ದರ ಗೊತ್ತು ಮಾಡುವಾಗ ಆಳುಗಳ ಜೊತೆ ನಮ್ಮಂಥ ಮೇಸ್ತ್ರಿಗಳನ್ನೂ ಕೂರಿಸಬೇಕು, ಹೆಣ್ಣಾಳು ಗಂಡಾಳು ದರದ ಮಾತೂ ಅಲ್ಲೇ ಆಗಬೇಕು. ಕೂಲಿ ಒಂದಿಷ್ಟು ಜಾಸ್ತಿ ಆದರೂ, ಹೇಳಿದ ಹೊತ್ತಿಗೆ ಕೆಲಸ ಗೊತ್ತಿರುವ ಆಳು ಸಿಗುತ್ತಾರೆ ಅಂದರೆ ನಾನು ಅಲ್ಲಿಗೇ ಹೋಗುತ್ತೇನೆ.