ಲ್ಯಾಬಿನಾಗ ತೆರೆದೇ ಉಳಿದ ಮಗಳ ಜಿಮೇಲ್

ಒಂಬತ್ತನೇ ಕ್ಲಾಸಿನ ಮಗಳು ಜಮಖಂಡಿಯ ಶಾಲೆ ಲ್ಯಾಬಿನಾಗ ಜಿಮೇಲ್ ಲಾಗ್‌ಔಟ್ ಮಾಡದೇ ಬಂದಾಳ, ಯಾರೋ ಅದರಿಂದ ಟೀಚರಿಗೆ ಕೆಟ್ಟ ಮೇಲ್ ಕಳಿಸ್ಯಾರ, ಈಗ ಏನು ಮಾಡ್ಲಿ ಅಂತ ಕೇಳೀರಿ.

ಮೊದಲನೇದು, ಆ ಮೇಲ್ ಡಿಲೀಟ್ ಮಾಡಬ್ಯಾಡ್ರಿ. ಕಳಿಸಿದ ತಾರೀಖು, ಟೈಮ್ ಅದರಾಗ ಇರ್ತದ. ಆ ಹೊತ್ತಿಗೆ ಲ್ಯಾಬಿನಾಗ ಯಾವ ಕ್ಲಾಸ್ ಇತ್ತು ಅನ್ನೋದು ಟೈಮ್‌ಟೇಬಲ್ ನೋಡಿದ್ರ ಗೊತ್ತಾಗ್ತದ. ಅವಳ ಜಿಮೇಲಿನ ‘ಸೆಂಟ್’ (ಕಳಿಸಿದ ಮೇಲ್) ಒಳಗ ಇಲ್ಲಂದ್ರ ಟೀಚರ ಇನ್‌ಬಾಕ್ಸಿನಾಗ ಇರ್ತದ, ಅಳಿಸಬ್ಯಾಡ್ರಿ ಅಂತ ಅವ್ರಿಗೂ ಹೇಳ್ರಿ.

ಆಮೇಲೆ ನಿಮ್ಮ ಫೋನಿನಾಗ ಅವಳ ಗೂಗಲ್ ಅಕೌಂಟ್ ತೆರೆದು, ಸೆಕ್ಯೂರಿಟಿ ಒಳಗ ‘ಯುವರ್ ಡಿವೈಸಸ್’ ನೋಡ್ರಿ. ಲ್ಯಾಬಿನ ಕಂಪ್ಯೂಟರ್ ಅಲ್ಲೇ ಕಾಣ್ತದ, ಕೂತಲ್ಲಿಂದನೇ ಸೈನ್ ಔಟ್ ಒತ್ತಬಹುದು. ಪಾಸ್‌ವರ್ಡೂ ಬದಲಿಸ್ರಿ. ಹೆಸರಿನ ಮುಂದ ಹುಟ್ಟಿದ ವರ್ಷ ಹಚ್ಚಿದ್ರ (ನಮ್ಮ ಕಡೆ ಹುಡುಗ್ರದೆಲ್ಲ ಅದೇ!) ಮಗ್ಗಲ ಬೆಂಚಿನವರೇ ಊಹಿಸ್ತಾರ.

ಮುಂದ ಲ್ಯಾಬಿನಾಗ ಇನ್‌ಕಾಗ್ನಿಟೋ (ಬ್ರೌಸರಿನ ಖಾಸಗಿ) ವಿಂಡೋ ಬಳಸಲಿ, ಹೊರಡುವಾಗ ಅಂಥ ವಿಂಡೋ ಎಲ್ಲಾ ಮುಚ್ಚಿದ್ರ ಲಾಗಿನ್ ಉಳಿಯಂಗಿಲ್ಲ. ‘ಸೇವ್ ಪಾಸ್‌ವರ್ಡ್’ ಅಂತ ಕೇಳಿದ್ರ ‘ನೆವರ್’.

ಹೆಡ್‌ಮಾಸ್ತರಿಗೆ ಬಾಯಿಮಾತಿನಾಗ ಹೇಳಿ ಬರಬ್ಯಾಡ್ರಿ. ಆ ಮೇಲಿನ ಪ್ರಿಂಟ್ ಹಚ್ಚಿ ಅರ್ಜಿ ಕೊಡ್ರಿ, ಒಂದು ಪ್ರತಿಗೆ ಸಹಿ ತಗೊಂಡು ಇಟ್ಕೊಳ್ರಿ.